ನೋಯುವ ಜೀವದ ಎದುರು ಶ್ರಾವಕನ ಕರ್ತವ್ಯ



ಪಾಠಶಾಲೆಯ ಮಕ್ಕಳು 24 ತೀರ್ಥಂಕರರ ಲಾಂಛನಗಳನ್ನು ಬಾಯಿಪಾಠ ಒಪ್ಪಿಸುವಾಗ ಹಿರಿಯರಾದ ನಾವು ತಲೆದೂಗಿ ಕೇಳುತ್ತೇವೆ. ಆ ಸಾಲಿನಲ್ಲಿ 9ನೆಯವರಾದ ಪುಷ್ಪದಂತ ಸ್ವಾಮಿಗೆ ಮೊಸಳೆ, 20ನೆಯವರಾದ ಮುನಿಸುವ್ರತ ಸ್ವಾಮಿಗೆ ಆಮೆ, 23ನೆಯವರಾದ ಪಾರ್ಶ್ವನಾಥ ಸ್ವಾಮಿಗೆ ಸರ್ಪ. ನೆಲಕ್ಕೆ ಹೊಟ್ಟೆ ತಾಗಿಸಿ ಸಾಗುವ ಈ ಜೀವಗಳಿಗೆ ಜಿನಬಿಂಬದ ಪೀಠದಲ್ಲಿಯೇ ಸ್ಥಾನ ದೊರೆತಿದೆ. ಆದರೆ ಅವುಗಳ ನೋವು ನಮ್ಮ ಗಮನಕ್ಕೆ ಬರುವುದು ಅಪರೂಪ. ಹಸು ನರಳಿದರೆ ಓಣಿಯೇ ಕೂಡುತ್ತದೆ. ಆಮೆ ನರಳುವುದಿಲ್ಲ. ಅದು ಚಿಪ್ಪಿನೊಳಗೆ ತಲೆಯನ್ನು ಎಳೆದುಕೊಂಡು ಸುಮ್ಮನಾಗುತ್ತದೆ, ಅಷ್ಟೇ.

ದೂಧಗಂಗೆಯ ದಡದ ದತ್ತವಾಡದಲ್ಲಿ ಹಾವು-ಆಮೆಗಳು ಅಪರಿಚಿತವಲ್ಲ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕಿನ ಜನರು ಗಂಟುಮೂಟೆ ಕಟ್ಟಿ ಎತ್ತರದ ಜಾಗ ಹುಡುಕಿದಾಗ ಹಾವುಗಳೂ ಅದನ್ನೇ ಹುಡುಕಿದವು. ಈಗ ಕುಟುಂಬಗಳಲ್ಲಿ ಏಳುತ್ತಿರುವ ಪ್ರಶ್ನೆ ಮಾತ್ರ ಬೇರೆಯದು. ಉದ್ಯೋಗಕ್ಕಾಗಿ ಪುಣೆ, ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ತಮ್ಮ ಮಕ್ಕಳ ಹಟಕ್ಕೆ ಮಣಿದು ಅಂಗಡಿಯಿಂದ ಬೆರಳುದ್ದದ ಆಮೆಮರಿಯನ್ನು ತರುತ್ತಾರೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಆಮೆ ಅಮೇರಿಕ ಮೂಲದ್ದು. ಸರಿಯಾಗಿ ಸಾಕಿದರೆ 20-30 ವರ್ಷ ಬದುಕುವ ಜೀವ. ನಾಲ್ಕಾರು ವರ್ಷಗಳಲ್ಲಿ ಅದು ಜಡ್ಡಿಗೆ ಬೀಳುತ್ತದೆ, ಚಿಪ್ಪು ಮೆತ್ತಗಾಗುತ್ತದೆ, ಕಣ್ಣು ಬಾತುಕೊಳ್ಳುತ್ತದೆ, ನೀರಿನಲ್ಲಿ ಒಂದು ಮಗ್ಗುಲಿಗೆ ವಾಲಿ ತೇಲುತ್ತದೆ. ಆಶೆ ಇಲ್ಲವೆಂದ ಡಾಕ್ಟರರು ಇಂಜೆಕ್ಷನ್ನಿನ ಮಾತೆತ್ತುತ್ತಾರೆ. ಆ ರಾತ್ರಿ ಊರಿಗೆ ಫೋನು ಬರುತ್ತದೆ. "ಜೀವ ತಗೊಳ್ಳೂದು ನಮ್ಮ ಧರ್ಮ ಅಲ್ಲಪ್ಪಾ" ಎಂದು ಇಲ್ಲಿಂದ ಅಜ್ಜಿ ಹೇಳುತ್ತಾಳೆ. "ಅಜ್ಜೀ, ಅದರ ತ್ರಾಸ ನೋಡಾಕ ಆಗೂದಿಲ್ಲ. ಹಂಗ ಬಿಟ್ಟರ ಅದೂ ಹಿಂಸೆ ಅಲ್ಲೇನ?" ಎಂದು ಮೊಮ್ಮಗ ಅಲ್ಲಿಂದ ಕೇಳುತ್ತಾನೆ. ಇಬ್ಬರೂ ಅಹಿಂಸೆಯ ಹೆಸರಿನಲ್ಲಿಯೇ ಮಾತನಾಡುತ್ತಿದ್ದಾರೆ. ಆದುದರಿಂದ ಮೊಮ್ಮಗನ ಪ್ರಶ್ನೆಯನ್ನು ಗದರಿಸಿ ಮುಚ್ಚಿಸುವುದು ಉಚಿತವಲ್ಲ.

ಈ ಪ್ರಶ್ನೆಯನ್ನು ದೇಶದ ಮುಂದೆ ಇಟ್ಟವರು ಮಹಾತ್ಮಾ ಗಾಂಧೀಜಿ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ತೀವ್ರವಾಗಿ ಅಸ್ವಸ್ಥವಾಗಿ ಮಗ್ಗುಲು ಹೊರಳಿಸಲೂ ಆಗದೆ ಒದ್ದಾಡುತ್ತಿತ್ತು. ಚಿಕಿತ್ಸೆ ಫಲಿಸದೆಂದು ವೈದ್ಯರು ತಿಳಿಸಿದ ಮೇಲೆ ಗಾಂಧೀಜಿಯವರು ವಿಷಯವನ್ನು ಆಶ್ರಮದ ವ್ಯವಸ್ಥಾಪಕ ಸಮಿತಿಯ ಮುಂದಿಟ್ಟರು. ಕೊಡಲಾರದ ಜೀವವನ್ನು ತೆಗೆಯುವ ಅಧಿಕಾರ ಮನುಷ್ಯನಿಗಿಲ್ಲವೆಂಬ ವಿರೋಧವೂ ಅಲ್ಲಿ ಬಂತು. ಕೊನೆಗೆ ಗಾಂಧೀಜಿಯವರು ಎದುರಿಗೆ ನಿಂತು ವೈದ್ಯರಿಂದ ಕರುವಿಗೆ ವಿಷದ ಇಂಜೆಕ್ಷನ್ ಕೊಡಿಸಿದರು. ಅನಂತರ ಅದನ್ನು ಮುಚ್ಚಿಡದೆ 'ನವಜೀವನ', 'ಯಂಗ್ ಇಂಡಿಯಾ' ಪತ್ರಿಕೆಗಳಲ್ಲಿ ತಾವೇ ಬರೆದರು. ಶಸ್ತ್ರವೈದ್ಯನು ದೇಹವನ್ನು ಕೊಯ್ಯುವುದು ಹೇಗೆ ಹಿಂಸೆಯಲ್ಲವೋ, ಸ್ವಾರ್ಥವಿಲ್ಲದೆ, ನೋವು ತೀರಿಸುವ ಒಂದೇ ಉದ್ದೇಶದಿಂದ ಮಾಡಿದ ಈ ಕಾರ್ಯವೂ ಹಾಗೆಯೇ ಹಿಂಸೆಯಲ್ಲವೆಂಬುದು ಅವರ ವಾದದ ಸಾರ. ಪ್ರತಿಭಟನೆಯ ಪತ್ರಗಳು ಬಂದವು, ಜೈನರಿಂದಲೂ ಬಂದವು. ಶ್ರೀಮದ್ ರಾಜಚಂದ್ರರಿಂದ ಪ್ರಭಾವಿತರಾದ ಗಾಂಧೀಜಿ ಜೈನಧರ್ಮವನ್ನು ಅರಿಯದೆ ಹೀಗೆ ಮಾಡಿದರೆಂದು ಹೇಳುವಂತಿಲ್ಲ. ಅರಿತೂ ಬೇರೆ ದಾರಿ ಹಿಡಿದರು.

ನಮ್ಮ ಆಚಾರ್ಯರು ಈ ವಾದವನ್ನು ಕೇಳಿರಲಿಲ್ಲವೇ? ಕೇಳಿದ್ದರು. ಸುಮಾರು 10ನೆಯ ಶತಮಾನದ ಅಮೃತಚಂದ್ರಾಚಾರ್ಯರು ತಮ್ಮ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಹಿಂಸೆಗೆ ಒಡ್ಡುವ ನೆಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ಕ್ರೂರಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುವುವಲ್ಲ ಎಂಬುದು ಒಂದು. ಬಹುದುಃಖದಲ್ಲಿರುವ ಜೀವವನ್ನು ಕೊಂದರೆ ಅದರ ದುಃಖ ಬೇಗ ಕಡಿಯುವುದಲ್ಲ ಎಂಬುದು ಅದರ ಬೆನ್ನಿಗೇ ಬರುವ ಮತ್ತೊಂದು. ಆ ಬಗೆಯ ಭಾವನೆಯನ್ನೇ ಅವರು ಕತ್ತಿಗೆ ಹೋಲಿಸಿ, ಅದನ್ನು ಹಿಡಿದು ದುಃಖಿತ ಜೀವಿಗಳನ್ನೂ ಕೊಲ್ಲಬಾರದೆಂದು ಸ್ಪಷ್ಟವಾಗಿ ನಿಷೇಧಿಸುತ್ತಾರೆ. ಕರುಣೆಯೂ ಕೆಲವೊಮ್ಮೆ ಕತ್ತಿಯಾಗಬಲ್ಲದೆಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ ಈ ದೃಷ್ಟಿ ಸಾಮಾನ್ಯವಾದುದಲ್ಲ.

ಇದಕ್ಕೆ ಕರ್ಮಸಿದ್ಧಾಂತದ ಆಧಾರವಿದೆ. ನೋವು ಅಸಾತಾವೇದನೀಯ ಕರ್ಮದ ಉದಯ. ಶಸ್ತ್ರದಿಂದಲೋ ವಿಷದಿಂದಲೋ ಆಯುಷ್ಯ ನಡುವೆ ಕಡಿದುಹೋದರೆ ಅದನ್ನು ಕದಳೀಘಾತಮರಣವೆನ್ನುತ್ತಾರೆ. ಅದರಿಂದ ದೇಹ ಬೀಳುತ್ತದೆ; ಉಳಿದ ಕರ್ಮ ಬೀಳುವುದಿಲ್ಲ, ಜೀವದ ಜೊತೆಗೇ ಹೋಗುತ್ತದೆ. 'ನಾನು ಬಿಡುಗಡೆ ಮಾಡಿದೆ' ಎಂಬ ಮಾತು ಈ ದೃಷ್ಟಿಯಲ್ಲಿ ನಿಲ್ಲುವುದಿಲ್ಲ. ಹಾಗೆಂದು 'ಅದರ ಕರ್ಮ, ಅದು ಉಣ್ಣಲಿ' ಎಂದು ಕೈಕಟ್ಟಿ ಕೂಡುವುದಕ್ಕೂ ಇದೇ ಸಿದ್ಧಾಂತವನ್ನು ಕೆಲವರು ಬಳಸುತ್ತಾರೆ. ಅದು ಸಿದ್ಧಾಂತದ ದುರುಪಯೋಗವೇ ಸರಿ. ನಮ್ಮ ಮಗುವಿಗೆ ಜ್ವರ ಬಂದಾಗ ಕರ್ಮೋದಯವೆಂದು ಔಷಧ ನಿಲ್ಲಿಸುವವರು ಯಾರಿದ್ದಾರೆ?

ಈಗ ಪಾರ್ಶ್ವಪ್ರಭುವಿನ ಕಥೆಯನ್ನು ಮತ್ತೊಮ್ಮೆ ನೋಡೋಣ. ಹುಂಬಜದ ಪದ್ಮಾವತೀ ಅಮ್ಮನವರ ದರ್ಶನಕ್ಕೆ ಹೋಗಿಬಂದ ಎಲ್ಲರಿಗೂ ಅದು ಗೊತ್ತು. ವಾರಾಣಸಿಯ ರಾಜಕುಮಾರರಾಗಿದ್ದಾಗ ಪಂಚಾಗ್ನಿಯ ನಡುವೆ ತಪಸ್ಸು ಮಾಡುತ್ತಿದ್ದ ತಾಪಸನನ್ನು ಅವರು ಕಂಡರು. ಸೌದೆಯೊಳಗೆ ಜೀವಗಳಿವೆಯೆಂದು ಎಚ್ಚರಿಸಿದರು. ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿ ತಾಪಸನು ಅದನ್ನು ಲೆಕ್ಕಿಸದೆ ಕೊಡಲಿ ಬೀಸುತ್ತಾನೆ, ನಾಗಯುಗಲ ತುಂಡಾಗುತ್ತದೆ. ಶ್ವೇತಾಂಬರ ಚರಿತ್ರೆಗಳಲ್ಲಿ ಉರಿಯುವ ಕೊರಡಿನಿಂದ ಬೆಂದ ಸರ್ಪವನ್ನು ಹೊರತೆಗೆಯಲಾಗುತ್ತದೆ. ಎರಡರಲ್ಲಿಯೂ ಜೀವ ಉಳಿಯುವ ಸ್ಥಿತಿಯಿಲ್ಲ. ಅವಧಿಜ್ಞಾನಿಯಾದ ಕುಮಾರನಿಗೆ ಅದು ತಿಳಿಯದ ಮಾತೇನಲ್ಲ. ಕೊಡಲಿಯೂ ಅಲ್ಲಿಯೇ ಬಿದ್ದಿತ್ತು. ಇನ್ನೊಂದು ಪೆಟ್ಟಿನಿಂದ ನೋವು ಮುಗಿಯುತ್ತಿತ್ತು. ಪ್ರಭು ಆ ಪೆಟ್ಟನ್ನು ಕೊಡಿಸಲಿಲ್ಲ. ನೋಡಲಾರೆನೆಂದು ಆನೆಯೇರಿ ಅರಮನೆಗೆ ಹಿಂದಿರುಗಲೂ ಇಲ್ಲ. ನಿಂತರು, ಸಾಯುತ್ತಿದ್ದ ಜೀವಕ್ಕೆ ಧರ್ಮದ ನುಡಿ ಕೇಳಿಸಿದರು. ಶಾಂತಭಾವದಿಂದ ದೇಹ ಬಿಟ್ಟ ಆ ಸರೀಸೃಪಗಳು ಧರಣೇಂದ್ರ-ಪದ್ಮಾವತಿಯರಾದರು. ಜೀವಂಧರಸ್ವಾಮಿಯೂ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಪಂಚನಮಸ್ಕಾರ ಕೇಳಿಸಿದರು. ಆ ನಾಯಿ ಸುದರ್ಶನ ಯಕ್ಷನಾಯಿತು. ಕೊಲ್ಲದೆ ಇರುವುದು ಈ ಕಥೆಗಳ ಅರ್ಧಭಾಗ ಮಾತ್ರ. ಇನ್ನರ್ಧ, ಬಿಟ್ಟುಹೋಗದೆ ಇರುವುದು. ಮೊದಲರ್ಧವನ್ನು ನಾವು ಚೆನ್ನಾಗಿ ಕಲಿತಿದ್ದೇವೆ.

ಆದುದರಿಂದ ಇಂಜೆಕ್ಷನ್ ಬೇಡವೆಂದು ಹೇಳುವ ಅಜ್ಜಿಯ ಮಾತು ಸರಿಯೇ, ಆದರೆ ಆ ಮಾತಿಗೆ ಬೆಲೆಯಿದೆ. ಬೇಡವೆಂದವರೇ ಆ ಜೀವದ ರಾತ್ರಿಗಳಿಗೆ ಹೊಣೆಯಾಗಬೇಕು. ಸರೀಸೃಪಗಳಿಗೆ ನೋವು ತಿಳಿಯದೆಂಬುದು ತಪ್ಪು ತಿಳಿವಳಿಕೆ. ಜಿನವಾಣಿ ಅವನ್ನು ಪಂಚೇಂದ್ರಿಯ ತಿರ್ಯಂಚರೆಂದು ಹೇಳಿದೆ; ಇಂದಿನ ಪಶುವೈದ್ಯಶಾಸ್ತ್ರವೂ ಅವುಗಳಿಗೆ ನೋವುಂಟೆಂದು ಒಪ್ಪಿ ನೋವು ನಿವಾರಕ ಔಷಧಗಳನ್ನು ಕೊಡುತ್ತದೆ. ಅವುಗಳ ದೇಹ ಹೊರಗಿನ ಬಿಸುಪನ್ನೇ ಅವಲಂಬಿಸಿದೆ. ಸೂಕ್ತ ಬಿಸುಪಿಲ್ಲದಿದ್ದರೆ ಔಷಧವೂ ಸರಿಯಾಗಿ ಹಿಡಿಯುವುದಿಲ್ಲ. ರೋಗ ಮೈಯೇರುವುದು ನಿಧಾನ, ಇಳಿಯುವುದೂ ನಿಧಾನ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಹಸು-ನಾಯಿಗಳನ್ನು ಮಾತ್ರ ನೋಡುವ ವೈದ್ಯರ ಒಂದೇ ಮಾತಿನ ಮೇಲೆ ಆಶೆ ಬಿಡದೆ ಸರೀಸೃಪಗಳನ್ನು ಬಲ್ಲ ವೈದ್ಯರನ್ನು ಹುಡುಕಿ ತೋರಿಸಬೇಕು. ಬಹಳ ಸಲ 'ಆಶೆ ಇಲ್ಲ' ಎನ್ನಿಸಿಕೊಂಡ ಆಮೆಗೆ ಬೇಕಾಗಿರುವುದು ಬಿಸಿಲು, ಸುಣ್ಣದಂಶ ಮತ್ತು ಸರಿಯಾದ ಆಹಾರ.

ಇಲ್ಲಿ ಒಂದು ಕಹಿಮಾತು ಹೇಳಲೇಬೇಕು. ಮೆತ್ತಗಾದ ಚಿಪ್ಪು ಹೆಚ್ಚಾಗಿ ಬಿಸಿಲು ಮತ್ತು ಕ್ಯಾಲ್ಸಿಯಂ ಕೊರತೆಯ ಫಲ. ಬಾತ ಕಣ್ಣು ಹಲವು ಸಲ ಎ ಜೀವಸತ್ವದ ಕೊರತೆಯದು. ಅಂದರೆ ನಾವು ಚಿಂತಿಸುವ ಹಿಂಸೆ ಡಾಕ್ಟರರ ಸೂಜಿಯಿಂದ ಆರಂಭವಾಗುವುದಿಲ್ಲ. ಗಾಜಿನ ಪೆಟ್ಟಿಗೆಯನ್ನು ಮನೆಗೆ ತಂದ ದಿನವೇ ಅದು ಆರಂಭವಾಗಿದೆ. 'ತತ್ತ್ವಾರ್ಥಸೂತ್ರ'ವು ಅಹಿಂಸಾಣುವ್ರತದ ಅತಿಚಾರಗಳನ್ನು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದಾಗಿ ಹೇಳಿದೆ. ಬಂಧವು ಮೊದಲನೆಯದು, ತಕ್ಕ ಆಹಾರ-ನೀರು ತಪ್ಪಿಸುವುದು ಕೊನೆಯದು. ಹುಟ್ಟುಹಬ್ಬದ ಉಡುಗೊರೆಯಾಗಿ ಆಮೆ ಕೊಳ್ಳುವ ಶ್ರಾವಕನು ಈ ಎರಡರ ನಡುವೆ ನಿಂತಿದ್ದಾನೆ.

ಉಣ್ಣದ ಆಮೆಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಕೆಲವು ಭಕ್ತರು 'ಅದು ಸಲ್ಲೇಖನ ಹಿಡಿದಿದೆ, ಬಿಟ್ಟುಬಿಡಿ' ಎನ್ನುತ್ತಾರೆ. ತಿರ್ಯಂಚರೂ ವ್ರತ ಹಿಡಿಯಬಲ್ಲರೆಂಬುದು ನಿಜ. ಮಹಾವೀರಸ್ವಾಮಿಯ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ಮಾಂಸ ತೊರೆದು ಸಮಾಧಿಯಿಂದ ದೇಹ ಬಿಟ್ಟಿತು. ಆದರೆ ಸಮಂತಭದ್ರಾಚಾರ್ಯರು ಹೇಳಿದ ಸಲ್ಲೇಖನವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಜೀವವು ತಾನೇ ಅರಿತು ಕೈಕೊಳ್ಳುವಂಥದು. ಒಬ್ಬರ ಪರವಾಗಿ ಮತ್ತೊಬ್ಬರು ಅದನ್ನು ಹೊರಿಸುವಂತಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮವೆಂದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಡುವವರೆಗೆ, ನಾವೆಲ್ಲ ಬೀದಿಗಿಳಿದು ವಾದಿಸಿದ್ದು ಈ ಸ್ವೇಚ್ಛೆಯನ್ನೇ ಅಲ್ಲವೇ? ಆಮೆ ಚಳಿಗಾಲದಲ್ಲಿ ಉಣ್ಣದಿರುವುದು ಸಹಜವಾಗಿರಬಹುದು, ರೋಗದಿಂದಲೂ ಆಗಿರಬಹುದು. ವೈದ್ಯರೇ ಹೇಳಬೇಕು. ಕಡೆಯ ಹಂತದಲ್ಲಿ ಕೊಳವೆ ತುರುಕಿ ಬಲವಂತದಿಂದ ಉಣಿಸುವುದನ್ನು ನಿಲ್ಲಿಸಿದರೆ ದೋಷವೆಂದು ನಾನು ತಿಳಿಯುವುದಿಲ್ಲ. ಆದರೆ ಆಹಾರ-ನೀರನ್ನು ಅದರ ಮುಂದಿಡುವುದನ್ನು ಮಾತ್ರ ಕೊನೆಯ ದಿನದವರೆಗೂ ನಿಲ್ಲಿಸಬಾರದು. ನೋವಿನ ಔಷಧಕ್ಕೂ ಇದೇ ಮಾತು. ನೋವು ತಗ್ಗಿಸಲು ತಕ್ಕ ಪ್ರಮಾಣದಲ್ಲಿ ಕೊಟ್ಟ ಔಷಧದಿಂದ ದುರ್ಬಲ ದೇಹ ಎರಡು ದಿನ ಮೊದಲೇ ಬಿದ್ದರೂ ಅಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಹಿಟ್ಟಿನ ಕೋಳಿಯನ್ನು ಕೊಯ್ದ ಯಶೋಧರನು ಭವಭವ ಅಲೆದದ್ದು ಸಂಕಲ್ಪದಿಂದಲೇ ಎಂಬುದನ್ನು ನೆನೆದರೆ ಈ ಭೇದ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ನಕ್ಷತ್ರ ಆಮೆಯನ್ನು 'ಲಕ್ಷ್ಮಿ ಬರುತ್ತಾಳೆ' ಎಂದು ಮನೆಯಲ್ಲಿಟ್ಟವರು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಅದನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಗುಣವಾಗದ ರೋಗದಿಂದ ನರಳುವ ಸಂರಕ್ಷಿತ ವನ್ಯಪ್ರಾಣಿಯ ಜೀವಾಂತ್ಯದ ನಿರ್ಣಯವನ್ನು ಆ ಕಾಯಿದೆ ವನ್ಯಜೀವಿ ಅಧಿಕಾರಿಗೆ ಒಪ್ಪಿಸಿದೆ. ಅವರೂ ಕಾರಣವನ್ನು ಬರಹದಲ್ಲಿ ಕೊಡಬೇಕು. ಮನೆಯವರಿಗೆ ಇಲ್ಲಿ ಅಧಿಕಾರವಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. 2025ರ ಜುಲೈಯಲ್ಲಿ ನಾಂದಣಿ ಮಠದ ಮಹಾದೇವಿ ಆನೆಯನ್ನು ನ್ಯಾಯಾಲಯದ ಆದೇಶದಂತೆ ಜಾಮನಗರಕ್ಕೆ ಒಯ್ದಾಗ ನಮ್ಮ ತಾಲೂಕಿನ ಮನೆಮನೆಯೂ ಕಣ್ಣೀರಿಟ್ಟಿತು. ಅದರ ಸರಿತಪ್ಪು ಇಲ್ಲಿಯ ವಿಷಯವಲ್ಲ. ಆದರೆ ಮಾತನಾಡಲಾರದ ಜೀವದ ಹಿತವನ್ನು ಯಾರು ನಿರ್ಧರಿಸಬೇಕೆಂಬ ಪ್ರಶ್ನೆ ಅಂದು ನಮ್ಮ ಅಂಗಳಕ್ಕೇ ಬಂದಿತ್ತು.

ಈಗಾಗಲೇ ಇಂಜೆಕ್ಷನ್ ಕೊಡಿಸಿದವರು ನಮ್ಮ ನಡುವೆ ಇರಬಹುದು. ಅವರನ್ನು ಮಂದಿರದ ಮೆಟ್ಟಿಲಲ್ಲಿ ನಿಲ್ಲಿಸಿ ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಆಲೋಚನೆ, ಪ್ರತಿಕ್ರಮಣ, ಗುರುಗಳು ಕೊಡುವ ಪ್ರಾಯಶ್ಚಿತ್ತ ಇರುವುದು ಅದಕ್ಕಾಗಿಯೇ. ಬರಿಯ 'ಪಾಪ ಬೇಡ' ಎಂಬ ಭಯದಿಂದ ಆಮೆಯನ್ನು ದೂಧಗಂಗೆಗೆ ಎಸೆದು ಬಂದವರಿಗಿಂತ, ಅಳುತ್ತಾ ಡಾಕ್ಟರರ ಬಾಗಿಲಲ್ಲಿ ನಿಂತವರ ಪರಿಣಾಮ ಮೃದುವಾಗಿತ್ತೆಂದೇ ನನ್ನ ಅಭಿಪ್ರಾಯ. ನದಿಗೆ ಬಿಟ್ಟ ಪರದೇಶದ ಆಮೆ ತಾನೂ ಸಾಯಬಹುದು, ಬದುಕಿದರೆ ಇಲ್ಲಿಯ ಆಮೆಗಳ ಆಹಾರವನ್ನೂ ಜಾಗವನ್ನೂ ಕಸಿಯಬಹುದು. ಫ್ರಿಜ್ಜಿನಲ್ಲಿ ಇಟ್ಟರೆ ನಿದ್ದೆಯಲ್ಲಿಯೇ ಹೋಗುತ್ತದೆಂಬ ಮಾತು ಕೆಲವೆಡೆ ಹಬ್ಬಿದೆ. ಅದು ಕ್ರೂರವಾದುದೆಂದು ಪಶುವೈದ್ಯರೇ ತಿರಸ್ಕರಿಸಿದ್ದಾರೆ.

ಕೊನೆಯದಾಗಿ ಒಂದು ಸೂಚನೆ. ಸರೀಸೃಪದ ಪ್ರಾಣ ಹೋಯಿತೆಂದು ತಿಳಿಯುವುದು ಸುಲಭವಲ್ಲ. ಉಸಿರು ಬಹಳ ಹೊತ್ತು ಕಾಣದೆಯೂ ಜೀವವಿರಬಹುದು. ಮಿದುಳು ನಿಂತ ಮೇಲೂ ಹೃದಯ ಗಂಟೆಗಟ್ಟಲೆ ಬಡಿಯಬಹುದು. ಆದುದರಿಂದ ಅಲುಗಾಡದ ಆಮೆಯನ್ನು ಅವಸರದಿಂದ ಮಣ್ಣಿಗಿಡಬಾರದು. ವೈದ್ಯರಿಂದ ಖಚಿತಪಡಿಸಿಕೊಳ್ಳಿರಿ, ವೈದ್ಯರು ಸಿಗದಿದ್ದರೆ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ, ಇರುವೆ ಮುತ್ತದಂತೆ, ಮೆತ್ತನೆಯ ಬಟ್ಟೆಯ ಮೇಲೆ ಇಡಿರಿ. ಮನೆಯ ಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಮಾರವಾಡಿಯಿರಲಿ, ಣಮೋಕಾರ ಎಲ್ಲರಿಗೂ ಒಂದೇ ಪ್ರಾಕೃತದಲ್ಲಿದೆ. ಆ ಹಗಲು-ರಾತ್ರಿ ಮನೆಯವರು ಸರದಿಯಂತೆ ಅದರ ಬಳಿ ಕುಳಿತು, ಮೆಲುದನಿಯಲ್ಲಿ ಅದನ್ನು ಹೇಳುತ್ತಿರಲಿ. ಮಕ್ಕಳೂ ಕುಳಿತುಕೊಳ್ಳಲಿ.