ಬೆತ್ತಕ್ಕೊಂದು ವಿನಾಯಿತಿ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಪರವಾನಗಿ ಪಡೆದು ಶಿಶುವಿಹಾರ ನಡೆಸುವವರ ಮೇಲಿರುವ ಶಿಸ್ತಿನ ನಿಯಮಗಳನ್ನು ಓದಿದರೆ, ಸರ್ಕಾರಿ ಕಡತಕ್ಕೆ ಇಷ್ಟೊಂದು ಅಂತಃಕರಣ ಎಲ್ಲಿಂದ ಬಂತೆಂದು ಆಶ್ಚರ್ಯವಾಗುತ್ತದೆ. ಮಗುವನ್ನು ಚಿವುಟಬಾರದು, ತಳ್ಳಬಾರದು, ಹಿಡಿದು ಅಲುಗಾಡಿಸಬಾರದು, ಕಪಾಳಕ್ಕೆ ಬಾರಿಸಬಾರದು. ಕೋಣೆಯಲ್ಲಿ ಕೂಡಿಹಾಕಬಾರದು. ಶಿಸ್ತಿನ ನೆಪದಲ್ಲಿ ತಿಂಡಿಯನ್ನು ತಡೆಹಿಡಿಯಲೂಬಾರದು, ಆಸೆ ತೋರಿಸಿ ಕೊಡಲೂಬಾರದು. ಚಡ್ಡಿ ಒದ್ದೆ ಮಾಡಿಕೊಂಡದ್ದಕ್ಕೆ ಶಿಕ್ಷೆಯಿಲ್ಲ, ಮಧ್ಯಾಹ್ನ ನಿದ್ದೆ ಹತ್ತದಿದ್ದರೆ ಅದಕ್ಕೂ ಇಲ್ಲ. ಒಂದು ಮಗುವನ್ನು ದಂಡಿಸುವ ಕೆಲಸವನ್ನು ಇನ್ನೊಂದು ಮಗುವಿಗೆ ವಹಿಸುವಂತಿಲ್ಲ. ನಮ್ಮ ಕ್ಲಾಸ್ ಲೀಡರುಗಳು ಅಲ್ಲಿ ಕೆಲಸ ಕಳೆದುಕೊಳ್ಳುತ್ತಾರೆ. ಹೆದರಿಸುವುದಕ್ಕೂ ನಿಷೇಧ. ಅಂದರೆ ಗುಮ್ಮನನ್ನು ಕರೆಯುವ ಹಾಗಿಲ್ಲ. ಪುರಂದರದಾಸರ ಬಾಲಕೃಷ್ಣ ಅಮ್ಮನಲ್ಲಿ ಬೇಡಿಕೊಂಡದ್ದೂ ಇಷ್ಟನ್ನೇ.

ಈ ನಿಯಮಗಳ ಪ್ರತಿಯನ್ನು ತಂದೆತಾಯಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ರಾಲಿ, ಕೇರಿ, ಮೋರಿಸ್‌ವಿಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳೂ ಮಗುವನ್ನು ಡೇಕೇರಿಗೆ ಸೇರಿಸುವ ದಿನ ಸಹಿ ಮಾಡುವುದು ಇಂಥ ಕಾಗದಕ್ಕೇ.

ಅದೇ ರಾಜ್ಯದ ಕಾನೂನಿನಲ್ಲಿ ಒಂದು ‘ಆದರೆ’ ಇದೆ. ಶಿಶುವಿಹಾರಗಳಲ್ಲಿ ದೈಹಿಕ ಶಿಕ್ಷೆ ನಿಷಿದ್ಧ. ಆದರೆ ಧಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಕೇಂದ್ರವೊಂದು, ಹೊಡೆಯುವುದು ತನ್ನ ಧಾರ್ಮಿಕ ಶಿಕ್ಷಣದ ಭಾಗವೆಂದು ಇಲಾಖೆಗೆ ಬರೆದುಕೊಟ್ಟು, ತನ್ನ ಶಿಸ್ತಿನ ನೀತಿಯಲ್ಲೂ ಅದನ್ನು ಸ್ಪಷ್ಟವಾಗಿ ನಮೂದಿಸಿದರೆ ಹೊಡೆಯಬಹುದು. ಇಂಥ ಕೇಂದ್ರಗಳಿಗೆ ಪರವಾನಗಿಯೂ ಕಡ್ಡಾಯವಲ್ಲ. ಬೆಂಕಿ ಆರಿಸುವ ಸಲಕರಣೆ, ಶೌಚದ ಸ್ವಚ್ಛತೆ, ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು ಎಂಬ ಲೆಕ್ಕ ಇವಕ್ಕೆಲ್ಲ ಅವು ತಲೆಬಾಗಬೇಕು. ಚರ್ಚಿನ ನೆಲಮಾಳಿಗೆಯ ನಲ್ಲಿಯ ಮೇಲೆ ಸರ್ಕಾರಕ್ಕೆ ಅಧಿಕಾರವಿದೆ, ಅಲ್ಲಿನ ಶಿಕ್ಷಕಿಯ ಕೈಯ ಮೇಲೆ ಮಾತ್ರ ಇಲ್ಲ. ಧರ್ಮದ ಹಂಗಿಲ್ಲದ ಶಿಕ್ಷಕಿ ಕೊಟ್ಟ ಏಟು ನಿಯಮಭಂಗ, ಧರ್ಮದ ಹೆಸರಿನಲ್ಲಿ ಬಿದ್ದ ಏಟು ಪಾಠ. ಮೂರು ವರ್ಷದ ಮಗುವಿಗೆ ಈ ವ್ಯತ್ಯಾಸ ತಿಳಿಸಿ ಹೇಳುವುದು ಹೇಗೆ?

ಹೊಡೆತ ಹೇಗೆ ಧರ್ಮವಾಯಿತು ಎಂದು ಹುಡುಕುತ್ತ ಹೋದರೆ ಸಿಗುವುದು ಬೈಬಲಿನ ಜ್ಞಾನೋಕ್ತಿಗಳ ಹದಿಮೂರನೆಯ ಅಧ್ಯಾಯ. ಬೆತ್ತ ಹಿಂತೆಗೆಯುವ ತಂದೆ ಮಗನನ್ನು ದ್ವೇಷಿಸುತ್ತಾನೆ ಎಂಬರ್ಥದ ಮಾತು ಅಲ್ಲಿದೆ. ಪರಂಪರೆ ಅದನ್ನು ಸೊಲೊಮೋನ ರಾಜನ ಬಾಯಲ್ಲಿಡುತ್ತದೆ. ಆ ಸೊಲೊಮೋನನ ಮಗ ರೆಹಬ್ಬಾಮನ ಬಳಿ ಜನ ಬಂದು ಹೊರೆ ಇಳಿಸೆಂದು ಕೇಳಿದಾಗ, ಅಪ್ಪನಿಗಿಂತ ಹೆಚ್ಚು ಘೋರವಾಗಿ ದಂಡಿಸುತ್ತೇನೆಂದು ಅವನು ಗದರಿ ಕಳಿಸಿದ. ರಾಜ್ಯ ಎರಡು ಹೋಳಾಯಿತು. ಬೆತ್ತದ ವಾದ ಹೂಡುವವರು ಈ ಕಥೆಯನ್ನು ಯಾಕೋ ಎತ್ತುವುದಿಲ್ಲ.

ಆದರೆ ವಚನವೊಂದರಿಂದಲೇ ಇಷ್ಟಾಗಲಿಲ್ಲ. ಅದರ ಹಿಂದೆ ಮಗುವೆಂದರೆ ಏನು ಎಂಬ ದೊಡ್ಡ ಪ್ರಶ್ನೆಗೆ ಕೊಟ್ಟ ಉತ್ತರವಿದೆ. ಹುಟ್ಟುವಾಗಲೇ ಪಾಪ ಹೊತ್ತು ಬಂದ ಜೀವ, ಅದರ ಹಟ ಮುರಿಯದೆ ಆತ್ಮಕ್ಕೆ ಉದ್ಧಾರವಿಲ್ಲ ಎಂಬ ಉತ್ತರ. ಮೂಲಪಾಪದ ಸಿದ್ಧಾಂತಕ್ಕೆ ಗಟ್ಟಿ ರೂಪ ಕೊಟ್ಟ ಸಂತ ಅಗಸ್ಟೀನನೇ ತನ್ನ ಆತ್ಮನಿವೇದನೆಯಲ್ಲಿ ಬೇರೊಂದು ವಿಷಯ ಬರೆದಿದ್ದಾನೆ. ಉತ್ತರ ಆಫ್ರಿಕಾದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ ಅಗಸ್ಟೀನ ಮೇಷ್ಟರ ಹೊಡೆತ ತಪ್ಪಿಸೆಂದು ದೇವರಿಗೆ ಮೊರೆಯಿಡುತ್ತಿದ್ದ. ಹಿರಿಯರು, ಹೆತ್ತವರು ಸಹ, ಅವನ ಬಾಸುಂಡೆ ಕಂಡು ನಗುತ್ತಿದ್ದರು. ಮತ್ತೆ ಬಾಲ್ಯಕ್ಕೆ ಮರಳುವುದೋ ಸಾಯುವುದೋ ಎಂದು ಕೇಳಿದರೆ ಯಾರು ತಾನೇ ಸಾವನ್ನು ಆರಿಸಿಕೊಳ್ಳುವುದಿಲ್ಲ ಎಂದು ಮುಪ್ಪಿನಲ್ಲೂ ಅವನು ಬರೆದ. ಸಿದ್ಧಾಂತಕ್ಕೂ ಬೆನ್ನ ಮೇಲಿನ ನೆನಪಿಗೂ ಒಬ್ಬನೇ ಮನುಷ್ಯನೊಳಗೆ ರಾಜಿಯಾಗಲಿಲ್ಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸುಸಾನಾ ವೆಸ್ಲಿ ಎಂಬ ಪಾದ್ರಿಯ ಹೆಂಡತಿಗೆ ಇಂಥ ಇಬ್ಬಂದಿ ಇರಲಿಲ್ಲ. ಹತ್ತೊಂಬತ್ತು ಹೆತ್ತವಳು. ತಾನು ಮಕ್ಕಳನ್ನು ಬೆಳೆಸಿದ ಕ್ರಮವನ್ನು 1732ರಲ್ಲಿ ಮಗನಿಗೆ ಪತ್ರವಾಗಿ ಬರೆದಳು: ವರ್ಷ ತುಂಬುವ ಹೊತ್ತಿಗೆ ಮಕ್ಕಳಿಗೆ ಬೆತ್ತಕ್ಕೆ ಹೆದರುವುದನ್ನೂ ಸದ್ದಿಲ್ಲದೆ ಅಳುವುದನ್ನೂ ಕಲಿಸಿದ್ದಾಯಿತಂತೆ. ಅವಳನ್ನು ಕ್ರೂರಿ ಎನ್ನುವುದು ಸುಲಭ. ಅವಳಿಗೆ ಅದು ಮಕ್ಕಳ ಆತ್ಮದ ಕಾಳಜಿಯಾಗಿತ್ತು, ಆ ಪತ್ರವನ್ನು ಓದಿದವರಿಗೆ ಅದರಲ್ಲಿ ಸಂಶಯ ಉಳಿಯುವುದಿಲ್ಲ. ಪತ್ರ ಪಡೆದ ಮಗ ಜಾನ್ ವೆಸ್ಲಿ ಮುಂದೆ ಮೆಥಡಿಸ್ಟ್ ಪಂಥದ ಪ್ರವರ್ತಕನಾದ. ಆ ಪಂಥದ ಅಮೆರಿಕದ ದೊಡ್ಡ ಶಾಖೆಯಾದ ಯುನೈಟೆಡ್ ಮೆಥಡಿಸ್ಟ್ ಚರ್ಚ್, ಶಾಲೆ ಮತ್ತು ಶಿಶುಪಾಲನಾ ಕೇಂದ್ರಗಳಲ್ಲಿ ದೈಹಿಕ ಶಿಕ್ಷೆಯನ್ನು ಕಾನೂನಿನಿಂದಲೇ ನಿಷೇಧಿಸಬೇಕೆಂದು 2004ರಲ್ಲಿ ಠರಾವು ಮಾಡಿತು. ಬೈಬಲ್ ಅದೇ, ಓದು ಬದಲಾಯಿತು.

ಎದುರು ಬದಿಯ ಉತ್ತರವೂ ಧಾರ್ಮಿಕವೇ ಆಗಿತ್ತು. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಊರಲ್ಲಿ 1837ರಲ್ಲಿ ಆಟದ ಶಾಲೆ ತೆರೆದು, ಅದನ್ನು ಕಿಂಡರ್‌ಗಾರ್ಟನ್ ಎಂದು ಕರೆದ ಫ್ರೀಡ್ರಿಕ್ ಫ್ರೋಬೆಲ್ ಪಾದ್ರಿಯ ಮಗ. ಮಗುವಿನೊಳಗೆ ದೈವತ್ವ ಮೊದಲೇ ಇದೆ, ಶಿಕ್ಷಕಿಯ ಕೆಲಸ ಅದು ಅರಳಲು ಜಾಗ ಬಿಡುವುದು ಎಂದು ಅವನು ನಂಬಿದ್ದ. ಪ್ರಶ್ಯದ ಸರ್ಕಾರ 1851ರಲ್ಲಿ ನಾಸ್ತಿಕತೆಯ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ದೇವರನ್ನು ಮಗುವಿನಲ್ಲಿ ಕಂಡವನಿಗೆ ನಾಸ್ತಿಕನೆಂಬ ಪಟ್ಟ! ಮರುವರ್ಷ ಅವನು ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಆ 1860ರಲ್ಲೇ ಇಂಗ್ಲೆಂಡಿನ ಈಸ್ಟ್‌ಬೋರ್ನಿನಲ್ಲಿ ಥಾಮಸ್ ಹಾಪ್ಲಿ ಎಂಬ ಮೇಷ್ಟರು ಹದಿಹರೆಯದ ಶಿಷ್ಯನೊಬ್ಬನನ್ನು ಹೊಡೆದು ಕೊಂದ. ಮೇಷ್ಟರಿಗೆ ಸೆರೆವಾಸವಾಯಿತು. ಆದರೆ ತೀರ್ಪಿನಲ್ಲಿ ನ್ಯಾಯಾಧೀಶರು ಹೇಳಿದ ಮಾತು ಒಂದೂವರೆ ಶತಮಾನ ಬಾಳಿತು: ಮಗುವಿನಲ್ಲಿರುವ ಕೆಡುಕನ್ನು ತಿದ್ದಲು ತಂದೆಯಾಗಲಿ, ತಂದೆ ಅಧಿಕಾರ ವಹಿಸಿಕೊಟ್ಟ ಮೇಷ್ಟರಾಗಲಿ ಮಿತವಾಗಿ ಹೊಡೆಯಬಹುದು. ಮೂಲಪಾಪ ಹೀಗೆ ಚರ್ಚಿನಿಂದ ಕೋರ್ಟಿಗೆ ಬಂದು ಕೂತಿತು. ಅದೇ ವರ್ಷ ಅಂಗೀಕಾರಗೊಂಡ ಭಾರತೀಯ ದಂಡ ಸಂಹಿತೆಯ 89ನೆಯ ಕಲಂ, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರೋ ಅವರ ಒಪ್ಪಿಗೆ ಪಡೆದವರೋ ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಟ್ಟಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 27ನೆಯ ಕಲಂ ಆಗಿ ಮುಂದುವರಿದಿದೆ.

‘ತಂದೆ ಅಧಿಕಾರ ವಹಿಸಿಕೊಟ್ಟ’ ಎಂಬಲ್ಲಿ ಇಡೀ ವ್ಯಾಜ್ಯದ ಗಂಟಿದೆ. ದಕ್ಷಿಣ ಆಫ್ರಿಕಾದಲ್ಲಿ ಶಾಲೆಗಳಲ್ಲಿ ಹೊಡೆಯುವುದನ್ನು 1996ರ ಕಾನೂನು ನಿಷೇಧಿಸಿದಾಗ, 196 ಖಾಸಗಿ ಕ್ರೈಸ್ತ ಶಾಲೆಗಳ ಪರವಾಗಿ ಒಂದು ಸಂಘ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. ಹೆತ್ತವರು ಧರ್ಮದ ಪ್ರಕಾರ ಹೊಡೆಯುವ ಹೊಣೆಯನ್ನು ಶಿಕ್ಷಕರಿಗೆ ಒಪ್ಪಿಸಿದ್ದಾರೆ, ಅದನ್ನು ತಡೆಯುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಭಂಗ ಎಂದು ವಾದ. 2000ದಲ್ಲಿ ತೀರ್ಪು ಬರೆದವರು ಆಲ್ಬಿ ಸ್ಯಾಕ್ಸ್. ವರ್ಣಭೇದ ಸರ್ಕಾರದ ಬಾಂಬಿಗೆ ಒಂದು ಕೈ, ಒಂದು ಕಣ್ಣು ಕಳೆದುಕೊಂಡವರು. ಅವರು ನಂಬಿಕೆಯನ್ನು ಗೇಲಿ ಮಾಡಲಿಲ್ಲ, ಅದು ಪ್ರಾಮಾಣಿಕವೆಂದೇ ಒಪ್ಪಿಕೊಂಡರು. ಒಪ್ಪಿಕೊಂಡೂ, ಶಾಲೆಯೊಳಗೆ ಮಗುವಿನ ಘನತೆ ಮುಖ್ಯವೆಂದು ಅರ್ಜಿ ವಜಾ ಮಾಡಿದರು. ಇಂಗ್ಲೆಂಡಿನಲ್ಲಿ ಇಂಥದೇ ವ್ಯಾಜ್ಯ 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಅಲ್ಲಿನ ಶಾಲೆಗಳು ತಮ್ಮ ಪದ್ಧತಿಯನ್ನು ವಿವರವಾಗಿ ಬರೆದು ಸಲ್ಲಿಸಿದ್ದವು: ಹುಡುಗರ ಪೃಷ್ಠಕ್ಕೆ ಅಗಲವಾದ ತೆಳು ಹಲಗೆಯಿಂದ, ಹುಡುಗಿಯರ ಅಂಗೈಗೆ ಪಟ್ಟಿಯಿಂದ ಏಟು, ಆಮೇಲೆ ಸಮಾಧಾನ ಮಾಡಿ ಪ್ರಾರ್ಥನೆ ಮಾಡಿಸುವುದು. ಇಷ್ಟು ನಾಜೂಕಾಗಿ ಅಳೆದು ತೂಗಿ ಬರೆದ ಕಾಗದ ಸಿಟ್ಟಿನಲ್ಲಿ ಎತ್ತಿದ ಕೈಗಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಅರ್ಜಿ ಅಲ್ಲೂ ಬಿದ್ದುಹೋಯಿತು. ಇದು ಮಕ್ಕಳ ಕುರಿತಾದ ಮೊಕದ್ದಮೆ, ಆದರೂ ಮಕ್ಕಳ ಪರವಾಗಿ ಮಾತಾಡಲು ಇಲ್ಲಿ ಯಾರೂ ಇಲ್ಲ ಎಂದು ಪೀಠದಲ್ಲಿದ್ದ ನ್ಯಾಯಮೂರ್ತಿ ಬ್ಯಾರನೆಸ್ ಹೇಲ್ ದಾಖಲಿಸಿದರು. ಸ್ಯಾಕ್ಸ್ ಅವರ ಬೇಸರವೂ ಅದೇ ಆಗಿತ್ತು.

ಇವೆಲ್ಲ ಶಾಲೆಯ ಮಾತು. ಶಾಲೆಗೂ ಮೊದಲಿನ ವಯಸ್ಸಿಗೆ ಬಂದರೆ ‘ವಹಿಸಿಕೊಡುವ’ ವಾದ ಇನ್ನೂ ಸಡಿಲವಾಗುತ್ತದೆ. ಸುಸಾನಾ ವೆಸ್ಲಿ ಹೊಡೆದದ್ದು ತನ್ನ ಮಕ್ಕಳನ್ನು. ಅವಳಿಗೆ ಅವರ ಜ್ವರ ಗೊತ್ತಿತ್ತು, ಅವರ ಅಳುವಿನ ಅರ್ಥ ಗೊತ್ತಿತ್ತು, ರಾತ್ರಿ ಮಲಗಿಸುವವಳೂ ಅವಳೇ. ಡೇಕೇರಿನ ಕೋಣೆಯಲ್ಲಿರುವವಳು ಸಂಬಳಕ್ಕೆ ಬಂದ, ಆರು ತಿಂಗಳಿಗೆ ಕೆಲಸ ಬದಲಿಸಬಹುದಾದ ಹುಡುಗಿ. ಅಧಿಕಾರವನ್ನು ಕಾಗದದಲ್ಲಿ ದಾಟಿಸಬಹುದು. ಅದನ್ನು ಹದದಲ್ಲಿಡುವ ಮಮತೆಯನ್ನು ದಾಟಿಸಲು ಯಾವ ನಮೂನೆಯೂ ಇಲ್ಲ. ಹೊಡೆತವನ್ನು ಧರ್ಮವೆಂದೇ ಒಪ್ಪಿದರೂ, ಬದಲಿ ಕೈಯಿಂದ ಮಾಡಿಸಬಹುದಾದ ಧರ್ಮ ಅದಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ನಾರ್ತ್ ಕ್ಯಾರೊಲಿನಾದ ಕನಿಷ್ಠ ನಿಯಮದಂತೆ ಮೂರು ವರ್ಷದ ಹದಿನೈದು ಮಕ್ಕಳಿಗೆ ಒಬ್ಬ ಹಿರಿಯರು ಸಾಕು. ನಾಲ್ಕು ವರ್ಷದವರಾದರೆ ಇಪ್ಪತ್ತಕ್ಕೆ ಒಬ್ಬರು. ಶಿಶುಶಿಕ್ಷಣದ ರಾಷ್ಟ್ರೀಯ ಸಂಘಟನೆ ಎನ್‌ಎಇವೈಸಿ ಶಿಫಾರಸು ಮಾಡುವುದು ಒಂಬತ್ತಕ್ಕೆ ಮತ್ತು ಹತ್ತಕ್ಕೆ ಒಬ್ಬರಂತೆ. ಎಲ್ಲ ಮಕ್ಕಳೂ ಸದಾ ಕಣ್ಣಿಗೋ ಕಿವಿಗೋ ಸಿಗುವಂತೆ ಇರಬೇಕೆಂಬ ನಿಯಮ ಬೇರೆ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಆ ಕೋಣೆಯನ್ನು ನೆನೆಸಿಕೊಳ್ಳಿ: ಒಂದು ಮಗು ಶೂ ಕಳಚಿ ಎಸೆದಿದೆ, ಒಂದಕ್ಕೆ ಶೌಚಕ್ಕೆ ಅವಸರ, ಬ್ಲಾಕಿಗಾಗಿ ಒಂದು ಮತ್ತೊಂದರ ತೋಳು ಕಚ್ಚಿದೆ. ಇರುವುದು ಎರಡೇ ಕೈ. ಬೆತ್ತ ಇಲ್ಲಿ ದೇವರ ಸೇವೆಗಿಂತ ಇಲ್ಲದ ಎರಡನೆಯ ಶಿಕ್ಷಕಿಯ ಕೆಲಸವನ್ನೇ ಹೆಚ್ಚಾಗಿ ಮಾಡುತ್ತದೆ ಎಂದು ಅನುಮಾನಿಸಲು ಸಂಶೋಧಕರೇ ಆಗಬೇಕಿಲ್ಲ.

ಆದರೆ ಲೆಕ್ಕವೇ ಎಲ್ಲ ಅಲ್ಲವೆನ್ನಲು ಕ್ಯೋಟೋ ನಗರದ ಒಂದು ಶಿಶುವಿಹಾರ ಸಾಕ್ಷಿ. ಬೌದ್ಧ ದೇವಾಲಯದ ಆವರಣದಲ್ಲಿರುವ ಕೊಮಾತ್ಸುದಾನಿಯನ್ನು ಮಾನವಶಾಸ್ತ್ರಜ್ಞ ಜೋಸೆಫ್ ಟೋಬಿನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಚಿತ್ರೀಕರಿಸಿದರು. ಮೂವತ್ತರ ಹತ್ತಿರ ಮಕ್ಕಳು, ಒಬ್ಬಳೇ ಶಿಕ್ಷಕಿ. ಹಿರೋಕಿ ಎಂಬ ನಾಲ್ಕು ವರ್ಷದ ತುಂಟ ಜೊತೆಯವರನ್ನು ಗುದ್ದುತ್ತಾನೆ, ಪಾಠದ ನಡುವೆ ಅರಚಿ ಹಾಡುತ್ತಾನೆ, ಗೆಳೆಯನ ಕೈ ತುಳಿದು ಅಳಿಸುತ್ತಾನೆ. ಹುಡುಗಿಯೊಬ್ಬಳು ದೂರು ತಂದರೆ, ನೀನೇ ಹೋಗಿ ಏನಾದರೂ ಮಾಡು ಎಂದು ಶಿಕ್ಷಕಿ ವಾಪಸು ಕಳಿಸುತ್ತಾಳೆ. ಚಿತ್ರ ನೋಡಿದ ಅಮೆರಿಕದ ಶಿಕ್ಷಕಿಯರು ಬೆಚ್ಚಿದರು. ಅವರ ನಿಯಮದಲ್ಲಿ ಇದು ಶುದ್ಧ ನಿರ್ಲಕ್ಷ್ಯ. ಕ್ಯೋಟೋದವರ ಉತ್ತರ ಬೇರೆ: ಹಿರಿಯರು ನಡುವೆ ಬಂದರೆ ಮಕ್ಕಳು ಒಬ್ಬರೊಡನೊಬ್ಬರು ಬಾಳುವುದನ್ನು ಕಲಿಯುವುದು ಯಾವಾಗ? ಶಿಕ್ಷಕಿ ನೋಡುತ್ತಲೇ ಇದ್ದಳು, ಕೈ ಹಾಕಲಿಲ್ಲ ಅಷ್ಟೆ. ಮೇಲ್ವಿಚಾರಣೆಯ ಅಳತೆಗೋಲಿನೊಳಗೂ ಒಂದು ದರ್ಶನ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಅಮೆರಿಕದ ಪರವಾನಗಿ ನಿಯಮಕ್ಕೂ ಆ ದೇವಾಲಯದ ಶಿಶುವಿಹಾರಕ್ಕೂ ಎಷ್ಟು ಕಣ್ಣಿಡಬೇಕು ಎಂಬಲ್ಲಿ ಜಗಳವಿದೆ. ಹೊಡೆತ ಮಾತ್ರ ಇಬ್ಬರ ಪಟ್ಟಿಯಲ್ಲೂ ಇಲ್ಲ.

ಧರ್ಮಕ್ಕೆ ಗೌರವ ಕೊಡುವುದೆಂದರೆ ತಪಾಸಣೆಯಿಂದ ಬಿಡುವುದು ಎಂದುಕೊಂಡ ಆಲಬಾಮಾ ರಾಜ್ಯ ಅದರ ಬೆಲೆ ತೆತ್ತಿತು. 2017ರ ಆಗಸ್ಟಿನಲ್ಲಿ, ಹಾಗೆ ವಿನಾಯಿತಿ ಪಡೆದಿದ್ದ ಕೇಂದ್ರವೊಂದರ ವ್ಯಾನಿನೊಳಗೆ ಬಿಟ್ಟುಹೋದ ಐದು ವರ್ಷದ ಹುಡುಗ ಸತ್ತ. ಮರುವರ್ಷ ಶಾಸನಸಭೆ ಕಾನೂನು ಬಿಗಿ ಮಾಡಿ, ಸರ್ಕಾರದ ಹಣ ಪಡೆಯುವ ಧಾರ್ಮಿಕ ಕೇಂದ್ರಗಳಿಗೂ ಪರವಾನಗಿ ಕಡ್ಡಾಯ ಮಾಡಿತು.

ನಮ್ಮ ಪರಂಪರೆಗೆ ಈ ವಿಷಯದಲ್ಲಿ ಬೀಗಲು ಅರ್ಧ ಕಾರಣವಿದೆ. ಚಾಣಕ್ಯನ ಹೆಸರಿನಲ್ಲಿ ಓಡಾಡುವ ನೀತಿಶ್ಲೋಕ ಐದು ವರ್ಷದವರೆಗೆ ಮುದ್ದಿಸು ಎನ್ನುತ್ತದೆ. ಆಮೇಲಿನ ಹತ್ತು ವರ್ಷ ಹೊಡೆ ಎಂದೂ ಸೇರಿಸುತ್ತದೆ, ಉಳಿದರ್ಧ ಅಲ್ಲೇ ಹೋಯಿತು. ಭಾಗವತದ ಯಶೋದೆ ಮಗನ ಕಣ್ಣಲ್ಲಿ ಭಯ ಕಂಡು ಕೋಲನ್ನು ಬಿಸಾಡುತ್ತಾಳೆ. ಬಳಿಕ ಒರಳಿಗೆ ಕಟ್ಟುತ್ತಾಳೆ, ನಿಜ. ಆದರೆ ಕೋಲು ಬಿಸಾಡಿದ್ದು ಕಟ್ಟುವ ಮೊದಲೇ.

ಈಗಿನ ಕಾನೂನು ಆ ಶ್ಲೋಕವನ್ನು ತಲೆಕೆಳಗು ಮಾಡಿ ಹಿಡಿದಂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆಯ ಪ್ರಕಾರ ‘ಮಗು’ ಎಂದರೆ ಆರರಿಂದ ಹದಿನಾಲ್ಕರವರೆಗಿನವರು. ಮೂರರ, ನಾಲ್ಕರ ಮಕ್ಕಳಿರುವ ಪ್ಲೇಹೋಮುಗಳಿಗೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಮಾರ್ಗಸೂಚಿ ಹೊರಡಿಸಿದೆ, ಹೊಡೆಯಬಾರದೆಂದು ಅದರಲ್ಲೂ ಇದೆ. ಬೆಂಗಳೂರಿನಲ್ಲಾಗಲಿ ಕೇರಿಯಲ್ಲಾಗಲಿ ಮಗುವನ್ನು ಸೇರಿಸುವ ಮುನ್ನ ಕೇಂದ್ರದವರ ಶಿಸ್ತಿನ ನೀತಿ ಬರಹದಲ್ಲಿದೆಯೇ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು, ಪರವಾನಗಿಯೋ ವಿನಾಯಿತಿಯೋ ಎಂದು ಕೇಳಿ. ಗೋಡೆಯ ಬಣ್ಣ ಆಮೇಲೆ ನೋಡಬಹುದು.