ಇಂದಿನ ಧಮ್ಮ ಚಿಂತನೆ: ಯಾರ ಮನೆಗೆ ಹೋಗಬೇಕು?

ಬಂಧುಗಳೇ, ಇಂದು ನಾಲ್ಕನೆಯ ಶೀಲದ ಬಗ್ಗೆ ಬರೆಯಬೇಕಾದ ಸರದಿ ನನ್ನದು. ಸುತ್ತಗಳಿಂದ ಶುರು ಮಾಡುವ ಬದಲು, ಹೋದ ತಿಂಗಳು ನಾನೇ ಹೇಳಿದ ಒಂದು ಸುಳ್ಳಿನಿಂದ ಶುರು ಮಾಡುತ್ತೇನೆ.

ನನ್ನ ಸೋದರತ್ತೆ ಇರುವುದು ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಕಡೆಯ ಒಂದು ಊರಿನಲ್ಲಿ. ಮರಳುಗಾಡು ಅಲ್ಲದಿದ್ದರೂ ಮಳೆ ಕೈಕೊಟ್ಟ ವರ್ಷ ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಯಲಹಂಕದಿಂದ ಮಧ್ಯಾಹ್ನ ಹೊರಟೆ. ಬಸ್ಸು ಬದಲಾಯಿಸುತ್ತಾ ಕೊನೆಯ ಬಸ್ಸು ಕ್ರಾಸಿನಲ್ಲಿ ಇಳಿಸಿದಾಗ ಎಂಟು ದಾಟಿತ್ತು. ಅಲ್ಲಿಂದ ಮೂರು ಕಿಲೋಮೀಟರ್ ಕಾಲುದಾರಿ. ಚಿಕ್ಕಂದಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆದ ದಾರಿ.

ಆ ದಾರಿಯೇ ಇರಲಿಲ್ಲ. ಅಲ್ಲಿ ಈಗ ಸೋಲಾರ್ ಪಾರ್ಕ್. ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಇದ್ದವರಿಂದ ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ನಿಗದಿ ಮಾಡಿದರು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ನಮ್ಮತ್ತೆ ಆ ಲೆಕ್ಕಕ್ಕೆ ಸೇರಿದವರು. ಇರಲಿ, ಅದೇ ಬೇರೆ ದಿನದ ಚಿಂತನೆಯಾಗುತ್ತದೆ. ಯಲಹಂಕದ ನಮ್ಮ ಮನೆಯ ಟ್ಯೂಬ್‌ಲೈಟಿಗೂ ಅಲ್ಲಿಂದ ಒಂದಿಷ್ಟು ಕರೆಂಟ್ ಬರುತ್ತಿರಬಹುದು. ಅಲ್ಲಿ ಮಾತ್ರ ಕೈಗೆ ಕೈ ಕಾಣದ ಕತ್ತಲು. ತಂತಿಬೇಲಿ ಹಿಡಿದು ಒಂದು ಗಂಟೆ ನಡೆದೆ. ಬೇಲಿ ತಿರುಗಿದಲ್ಲಿ ನಾನೂ ತಿರುಗಿದೆ. ಹುಣಸೆಮರ ಇಲ್ಲ, ಬಾವಿ ಇಲ್ಲ. ಮೊಬೈಲ್ ಸತ್ತುಹೋಯಿತು. ಬಾಯಿ ಒಣಗಿ, ನಿಜವಾಗಿ ಹೆದರಿದ್ದೆ.

ಆಗ ಟಿವಿಎಸ್ ಗಾಡಿಯಲ್ಲಿ ವಯಸ್ಸಾದವರೊಬ್ಬರು ಬಂದು ನಿಲ್ಲಿಸಿದರು. "ಯಾವೂರಪ್ಪಾ?" ಹೇಳಿದೆ. "ಯಾರ ಮನೆಗೆ ಹೋಗಬೇಕು? ಯಾರ ಪೈಕಿ?"

ಈ ಪ್ರಶ್ನೆಯ ಒಳಗೇನಿದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. "ಕೇರಿಗೆ" ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂತು. ಬಾಯಿಂದ ಹೊರಬಿದ್ದದ್ದು "ಸ್ಕೂಲ್ ಮೇಷ್ಟ್ರ ಮನೆಗೆ" ಎಂಬ ಮಾತು. ಪ್ರತಿ ಭಾನುವಾರ ತಿಸರಣ, ಪಂಚಶೀಲ ಹೇಳುವವನು, 22 ಪ್ರತಿಜ್ಞೆ ಸ್ವೀಕರಿಸಿದವನು, ಒಂದು ಕ್ಷಣವೂ ಯೋಚಿಸದೆ.

ಅವರು ಹಿಂದೆ ಕೂರಿಸಿಕೊಂಡು ಮೇಷ್ಟ್ರ ಮನೆಯ ಬಾಗಿಲಿಗೇ ಬಿಟ್ಟರು. ಬೀಗ ಹಾಕಿತ್ತು. ಬಾಗಿಲು ತೆಗೆಯುವವರೆಗೆ ನಿಲ್ಲುತ್ತೇನೆಂದರು, ಪಾಪ. ಬರುತ್ತಾರೆ, ನೀವು ಹೊರಡಿ ಎಂದು ಎರಡನೇ ಸುಳ್ಳು ಹೇಳಿ ಕಳಿಸಿದೆ. ಆಮೇಲೆ ತಿಳಿಯಿತು: ಅಲ್ಲಿಂದ ನಮ್ಮ ಕೇರಿಗೆ ದಾರಿ ನನಗೆ ಗೊತ್ತಿಲ್ಲ. ಅದು ಊರೊಳಗಿನ ಬೀದಿ, ನಾವು ಹುಡುಗರಾಗಿದ್ದಾಗ ಕಾಲಿಟ್ಟ ಬೀದಿಯಲ್ಲ. ನಾಯಿಗಳು ಬೊಗಳುತ್ತಾ ಹಿಂದೆ ಬಂದವು. ಕೇರಿ ಸೇರಿದಾಗ ಹತ್ತೂವರೆ. ಎಪ್ಪತ್ತು ದಾಟಿದ ಅತ್ತೆ ಟಾರ್ಚ್ ಹಿಡಿದು ಕೇರಿಯ ಬಾಯಲ್ಲೇ ನಿಂತಿದ್ದರು.

ನಡೆದದ್ದನ್ನು ಹೇಳಿದೆ. ಅತ್ತೆ ಬೈಯಲಿಲ್ಲ. "ಕೇರಿ ಅಂದಿದ್ರೆ ಹತ್ತೇ ನಿಮಿಷ ಕಣಪ್ಪಾ" ಎಂದು ಮುದ್ದೆ ಬಡಿಸಿದರು.

ರಾತ್ರಿ ನಿದ್ದೆ ಬರದೆ ಬಾಬಾಸಾಹೇಬರನ್ನೇ ಸಾಕ್ಷಿಗೆ ಕರೆದುಕೊಂಡೆ. 'ವೇಟಿಂಗ್ ಫಾರ್ ಎ ವೀಸಾ'ದ ಮೊದಲ ಘಟನೆ ನಿಮಗೆ ಗೊತ್ತು. 1901. ಗೋರೆಗಾಂವ್‌ನಲ್ಲಿ ಕ್ಯಾಷಿಯರ್ ಆಗಿದ್ದ ತಂದೆಯನ್ನು ನೋಡಲು ಮಕ್ಕಳು ಹೊರಟದ್ದು, ಮಸೂರ್ ಸ್ಟೇಷನ್ನಿನಲ್ಲಿ ಜಾತಿ ತಿಳಿದು ಗಾಡಿಯವರು ಹಿಂದೆ ಸರಿದದ್ದು, ದುಪ್ಪಟ್ಟು ಬಾಡಿಗೆ ಕೊಟ್ಟು ತಾವೇ ಗಾಡಿ ಹೊಡೆದದ್ದು. ರಾತ್ರಿ ಸುಂಕದ ಕಟ್ಟೆಯಲ್ಲಿ ಬಾಲಕ ಭೀಮ ನೀರಿಗಾಗಿ, ಗಾಡಿಯವನ ಸಲಹೆಯಂತೆ, ನಾವು ಮುಸಲ್ಮಾನರು ಎಂದು ಉರ್ದುವಿನಲ್ಲಿ ಮಾತಾಡಿದ. ನೀರು ಸಿಗಲಿಲ್ಲ. ಬುತ್ತಿ ಇದ್ದೂ ನೀರಿಲ್ಲದೆ ಮಕ್ಕಳು ಉಪವಾಸ ಮಲಗಿದರು.

ಆ ಸುಳ್ಳನ್ನು ಯಾವ ಶೀಲವೂ ಆ ಮಗುವಿನ ಲೆಕ್ಕಕ್ಕೆ ಬರೆಯಲಾರದು ಎಂದೇ ನಾನು ನಂಬುತ್ತೇನೆ. ಅದು ನೀರು ಕೊಡದವರ ಸುಳ್ಳು. ಆದರೆ ಅದರ ನೆರಳಿನಲ್ಲಿ ನನ್ನ ಸುಳ್ಳನ್ನು ಮಲಗಿಸಲು ಹೋದರೆ ಅದು ಮಲಗುತ್ತಿಲ್ಲ. ಆ ಮಗು ಬಾಯಾರಿಕೆಗೆ ಹೇಳಿತು, ನಾನು ನಾಚಿಕೆಗೆ ಹೇಳಿದೆ. ಬಾಬಾಸಾಹೇಬರು ಆಮೇಲೆ ಅದನ್ನು ತಾವೇ ಎಲ್ಲರಿಗೂ ತಿಳಿಯುವಂತೆ ಬರೆದರು, ನಾನು ಅತ್ತೆಗೆ ಹೇಳುವಾಗಲೂ ತಲೆ ತಗ್ಗಿಸಿದ್ದೆ.

ಆರ್.ಟಿ. ನಗರದ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ವಾದಿಸಿದರು: ಜಾತಿ ಬಿಟ್ಟವರು ನಾವು, ಕೇರಿ ಎಂದು ಯಾಕೆ ಹೇಳಬೇಕು, ಬೌದ್ಧ ಎನ್ನಬೇಕಿತ್ತು. ಸರಿಯೇ. ಆದರೆ ನಾನು ಬೌದ್ಧ ಎಂದೂ ಹೇಳಲಿಲ್ಲವಲ್ಲ. ಮೇಷ್ಟ್ರ ಕಡೆಯವನೆಂದೆ. ಜಾತಿ ಬಿಡುವುದಕ್ಕೂ ಅತ್ತೆಯ ಮನೆಯನ್ನು ಬಚ್ಚಿಡುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ಆ ರಾತ್ರಿಯೇ ಕಾಣಿಸಿದ್ದು. ನಾನು ಯಲಹಂಕಕ್ಕೆ ಬಂದು ಮುಚ್ಚಿಟ್ಟುಕೊಳ್ಳಬಲ್ಲೆ, ಅವರು ಅಲ್ಲೇ ಇರಬೇಕು.

ಇನ್ನೊಂದು ಮಾತು ಹೆಚ್ಚು ಕಾಡುತ್ತದೆ. ಆ ಗಾಡಿಯ ಹಿರಿಯರು ಯಾರೆಂದು ಅತ್ತೆಗೂ ಗುರುತು ಹತ್ತಲಿಲ್ಲ. ದಾರಿ ತೋರಿಸಲೆಂದೇ ಕೇಳಿದ್ದರೋ, ಜಾತಿ ತಿಳಿಯಲೆಂದು ಕೇಳಿದ್ದರೋ? ಕೇರಿ ಎಂದಿದ್ದರೆ ಇಳಿಸಿ ಹೋಗುತ್ತಿದ್ದರೋ, ಕೇರಿಯ ಬಾಯಿಗೇ ಬಿಡುತ್ತಿದ್ದರೋ? ಕೆಟ್ಟವರೆಂದು ಮೊದಲೇ ತೀರ್ಮಾನಿಸಿದೆ, ಹಾಗಿದ್ದೂ ಅವರ ಗಾಡಿ ಹತ್ತಿದೆ.

ಮುಂದಿನ ತಿಂಗಳು ಮತ್ತೆ ಹೋಗಬೇಕಿದೆ. ಅತ್ತೆ ಫೋನಿನಲ್ಲಿ, "ಬೆಳಗಿನ ಬಸ್ಸಿಗೇ ಬಾರಪ್ಪಾ" ಎಂದಿದ್ದಾರೆ.

ಭವತು ಸಬ್ಬ ಮಂಗಲಂ. ಜೈ ಭೀಮ್.