ಯಾರ ದುಡ್ಡಿನ ಪೊಲೀಸು?

ಪೊಲೀಸಿನವರಿಗೆ ಎಷ್ಟು ಸಂಬಳ ಕೊಡಬೇಕು ಅನ್ನೋದು ಬರೀ ಲೆಕ್ಕದ ವಿಷಯ ಅಂತ ನಾವು ಅಂದುಕೊಂಡಿರ್ತೀವಿ. ವೇತನ ಆಯೋಗ, ಹಣಕಾಸು ಇಲಾಖೆ, ಒಂದು ಕಡತ, ಮುಗೀತು. ಆದರೆ ಆ ಸಂಬಳ ಯಾರ ಜೇಬಿನಿಂದ ಬರಬೇಕು ಅಂತ ಕೇಳಿದ ಕೂಡಲೇ ಅದು ನ್ಯಾಯದ ಪ್ರಶ್ನೆ ಆಗಿಬಿಡುತ್ತೆ. ಇದು ನನ್ನ ತಲೆಗೆ ಹತ್ತಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಆನ್‌ಸೈಟ್ ಹೋಗಿದ್ದಾಗ.

ಅಲ್ಲಿ ಏರ್‌ಪೋರ್ಟ್ ಕಡೆಯಿಂದ ನ್ಯಾಚುರಲ್ ಬ್ರಿಜ್ ರೋಡ್ ಹಿಡಿದು ಬಂದರೆ ಕೆಲವೇ ನಿಮಿಷಕ್ಕೊಂದು ಊರಿನ ಬೋರ್ಡು ಸಿಗುತ್ತೆ. ಕಣ್ಣಿಗೆ ಎಲ್ಲ ಒಂದೇ ಊರು. ಮನೆ ಪಕ್ಕ ಮನೆ, ನಡುವೆ ಹೊಲ ಇಲ್ಲ, ಹಳ್ಳ ಇಲ್ಲ. ಆದರೆ ಪ್ರತಿ ಬೋರ್ಡಿಗೂ ಬೇರೆ ಮೇಯರ್, ಬೇರೆ ಕೋರ್ಟು, ಎಷ್ಟೋ ಕಡೆ ಬೇರೆ ಪೊಲೀಸು. 1876ರಲ್ಲಿ ಸೇಂಟ್ ಲೂಯಿಸ್ ನಗರ ತನ್ನ ಕೌಂಟಿಯಿಂದ ಬೇರೆಯಾಗಿ ಮನೆ ಪಾಲು ಮಾಡಿಕೊಂಡಿತು. ಆಮೇಲೆ ಕೌಂಟಿ ಒಳಗೇ ಪಾಲಿನ ಮೇಲೆ ಪಾಲು ಆಗಿ, ಹತ್ತು ಲಕ್ಷ ಜನರ ಕೌಂಟಿಯಲ್ಲಿ ಸುಮಾರು 90 ಪುರಸಭೆಗಳಾದವು. ನಗರ ಮತ್ತು ಕೌಂಟಿ ಸೇರಿ 2015ರ ಹೊತ್ತಿಗೆ 60ರಷ್ಟು ಪೊಲೀಸ್ ಪಡೆಗಳಿದ್ದವು. ನಮ್ಮ ಬೆಂಗಳೂರಿನ ಒಂದೊಂದು ವಾರ್ಡಿಗೂ ಒಬ್ಬೊಬ್ಬ ಕಮಿಷನರ್ ಇದ್ದ ಹಾಗೆ!

ಹಳ್ಳಿಯಿಂದ ಬಂದವನಾದ್ದರಿಂದ ನನಗೆ ಚಿಕ್ಕದರ ಮೇಲೆ ಪ್ರೀತಿ. ಊರಿಗೆ ಊರೇ ಗೊತ್ತಿರುವ ಪೊಲೀಸಪ್ಪ, ಯಾರ ಮಗ ಯಾರು ಅಂತ ಬಲ್ಲವನು, ಒಂದು ಮಾತು ಗದರಿಸಿ ಮನೆಗೆ ಕಳಿಸುವವನು. ಚಿಕ್ಕ ಪಡೆ ಅಂದರೆ ಇಂಥದ್ದೊಂದು ಚಿತ್ರ ಕಣ್ಣಮುಂದೆ ಬರುತ್ತೆ. ಈ ಚಿತ್ರಕ್ಕೆ ದುಡ್ಡು ಎಲ್ಲಿಂದ ಅನ್ನೋದನ್ನು ಮಾತ್ರ ನಾವು ಕೇಳೋದಿಲ್ಲ. ಊರಲ್ಲಿ ದೊಡ್ಡ ಮನೆಗಳೋ ಮಾಲೋ ಇದ್ದರೆ ತೆರಿಗೆ ಬರುತ್ತೆ, ಪೊಲೀಸಿಗೆ ಒಳ್ಳೆ ಸಂಬಳ ಸಿಗುತ್ತೆ. ಎರಡೂ ಇಲ್ಲದ ಬಡವರ ಊರಾದರೆ?

ಫರ್ಗುಸನ್ ಹೆಸರು ಕೇಳಿರ್ತೀರಿ. 21 ಸಾವಿರ ಜನರ ಊರು. 2014ರ ಆಗಸ್ಟ್ 9ರಂದು ಮೈಕಲ್ ಬ್ರೌನ್ ಎಂಬ ಹದಿನೆಂಟರ ಹುಡುಗ ಅಲ್ಲಿ ಪೊಲೀಸ್ ಗುಂಡಿಗೆ ಸತ್ತ. ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿಯೂ ಒಪ್ಪಲಿಲ್ಲ, ಕೇಂದ್ರದ ನ್ಯಾಯ ಇಲಾಖೆಯೂ ಒಪ್ಪಲಿಲ್ಲ. ಆದರೆ ಅದೇ ನ್ಯಾಯ ಇಲಾಖೆ 2015ರ ಮಾರ್ಚಿನಲ್ಲಿ ಊರಿನ ಪೊಲೀಸ್ ವ್ಯವಸ್ಥೆ ಬಗ್ಗೆ ಕೊಟ್ಟ ವರದಿ ಇದೆಯಲ್ಲ, ಅದನ್ನು ಓದಬೇಕು. 2015ರ ಬಜೆಟ್‌ನಲ್ಲಿ ಊರಿನ ಸಾಮಾನ್ಯ ನಿಧಿಗೆ ನಿರೀಕ್ಷಿಸಿದ್ದ ಆದಾಯ 1 ಕೋಟಿ 32 ಲಕ್ಷ 60 ಸಾವಿರ ಡಾಲರ್. ಅದರಲ್ಲಿ ದಂಡ ಮತ್ತು ಶುಲ್ಕದಿಂದಲೇ 30 ಲಕ್ಷ 90 ಸಾವಿರ. ಹೆಚ್ಚುಕಮ್ಮಿ ಕಾಲು ಭಾಗ. ಗಮನಿಸಿ, ಇದು ಹಿಂದಿನ ವರ್ಷ ವಸೂಲಾದ ಲೆಕ್ಕ ಅಲ್ಲ, ಮುಂದೆ ಇಷ್ಟು ತಪ್ಪು ನಡೀಬೇಕು ಅಂತ ಮೊದಲೇ ಹಾಕಿಕೊಂಡ ಲೆಕ್ಕ. ಸೇಲ್ಸ್ ಟಾರ್ಗೆಟ್ ಅಂತೀವಲ್ಲ, ಅದೇ.

ಆ ವರದಿಯಲ್ಲಿ ಒಬ್ಬ ಹೆಂಗಸಿನ ಕಥೆ ಬರುತ್ತೆ. 2007ರಲ್ಲಿ ಒಂದು ಸಲ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಎರಡು ಟಿಕೆಟ್, 151 ಡಾಲರ್ ದಂಡ ಮತ್ತು ಶುಲ್ಕ. ಆಕೆಗೆ ಕಟ್ಟೋಕೆ ಆಗಲಿಲ್ಲ. ಕೋರ್ಟಿಗೆ ಹಾಜರಾಗದ್ದಕ್ಕೆ ಮತ್ತೆ ದಂಡ, ವಾರಂಟ್, ಆರು ದಿನ ಜೈಲು. ಇಪ್ಪತ್ತೈದು, ಐವತ್ತು ಡಾಲರ್ ಅಂತ ಕಂತಿನಲ್ಲಿ ಕಟ್ಟಲು ಹೋದರೆ ಪೂರ್ತಿ ಇಲ್ಲ ಅಂತ ಕೋರ್ಟು ವಾಪಸ್ ಕಳಿಸಿತು. 2014ರ ಡಿಸೆಂಬರ್ ಹೊತ್ತಿಗೆ ಆಕೆ 550 ಡಾಲರ್ ಕಟ್ಟಿಯಾಗಿತ್ತು, ಇನ್ನೂ 541 ಬಾಕಿ ಇತ್ತು. ನಮ್ಮೂರಲ್ಲಿ ಮೀಟರ್ ಬಡ್ಡಿ ಸಾಲ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನ್ನನ್ನು ಕಾಡೋದು ಪೊಲೀಸಿನವನ ಕ್ರೌರ್ಯಕ್ಕಿಂತ ಅವನ ಸ್ಥಾನ. ಅವನು ಕಾಯಬೇಕಾದ ಜನರ ತಪ್ಪಿನಿಂದಲೇ ಅವನ ಸಂಬಳ ಹುಟ್ಟುತ್ತೆ. ಜನ ತಪ್ಪು ಮಾಡದೇ ಹೋದರೆ ಅವನ ಕೆಲಸ ಚೆನ್ನಾಗಿ ಆಗ್ತಿದೆ ಅಂತ ಅರ್ಥ, ಆದರೆ ಊರಿನ ಬೊಕ್ಕಸ ಖಾಲಿ. ಇಂಥ ಜಾಗದಲ್ಲಿ ಎಷ್ಟೇ ಸಂಭಾವಿತನನ್ನು ನಿಲ್ಲಿಸಿ, ಅವನು ಎಷ್ಟು ದಿನ ಸಂಭಾವಿತನಾಗಿ ಉಳಿದಾನು? ಬೇಲಿಗೆ ಹೊಲ ಮೇಯೋ ಕೆಲಸವನ್ನೇ ವಹಿಸಿದ ಮೇಲೆ ಬೇಲಿಯನ್ನು ಬೈದು ಏನು ಪ್ರಯೋಜನ?

ಇನ್ನು ಸಂಬಳ ಕಡಿಮೆ ಇರೋ ಊರಿಗೆ ಬರುವವರು ಯಾರು? ಒಂದು, ಹೊಸಬರು. ಕೆಲಸ ಕಲಿತ ಮೇಲೆ ಹೆಚ್ಚು ಕೊಡೋ ಪಕ್ಕದ ಊರಿಗೆ ಹಾರುತ್ತಾರೆ. ಫ್ರೆಶರ್‌ಗಳನ್ನು ತಗೊಂಡು ತಯಾರು ಮಾಡಿ ದೊಡ್ಡ ಕಂಪನಿಗೆ ಬಿಟ್ಟುಕೊಡೋ ಸಣ್ಣ ಕಂಪನಿಗಳನ್ನು ನಾವೆಲ್ಲ ಕಂಡಿಲ್ವಾ, ಹಾಗೆ. ಬಡವರ ಊರು ತನ್ನ ಖರ್ಚಿನಲ್ಲಿ ಸಾಹುಕಾರರ ಊರಿಗೆ ಪೊಲೀಸರನ್ನು ತರಬೇತು ಮಾಡಿ ಕಳಿಸುತ್ತೆ. ಎರಡು, ಬೇರೆಲ್ಲೋ ಕೆಲಸ ಕಳೆದುಕೊಂಡವರು. ಇದಕ್ಕೆ ಅಲ್ಲಿ ‘ಮುನಿ ಶಫಲ್’ ಅಂತಲೇ ಹೆಸರಿದೆ. (ನಮ್ಮ ಮುನಿ ಅಲ್ಲ, ಮುನಿಸಿಪಾಲಿಟಿಯ ಮುನಿ.) ಒಂದು ಊರಲ್ಲಿ ತೆಗೆದುಹಾಕಿದವನು ಪಕ್ಕದ ಬೋರ್ಡು ದಾಟಿ ಹೊಸ ಯೂನಿಫಾರ್ಮ್ ಹಾಕಿಕೊಳ್ಳೋದು. ಊರ ಜನ ಬಲ್ಲ ಪೊಲೀಸಪ್ಪನ ಚಿತ್ರ ಇಲ್ಲಿ ಪೂರ್ತಿ ಅಳಿಸಿಹೋಗುತ್ತೆ. ಫರ್ಗುಸನ್ನಿನಲ್ಲಿ ಮೂರರಲ್ಲಿ ಎರಡು ಪಾಲು ಜನ ಕಪ್ಪು ಜನಾಂಗದವರು. ವರದಿ ಬಂದಾಗ ಇದ್ದ 54 ಪೊಲೀಸರಲ್ಲಿ ಕಪ್ಪು ಜನ ನಾಲ್ಕೇ ನಾಲ್ಕು.

ಹಾಗಾದರೆ ಎಲ್ಲ ಸೇರಿಸಿ ಒಂದೇ ಪಡೆ ಮಾಡಿ, ಒಂದೇ ಸಂಬಳ ಕೊಡಿ ಅಂತ ನನ್ನಂಥ ಇಂಜಿನಿಯರ್ ತಕ್ಷಣ ಹೇಳ್ತಾನೆ. ಅರವತ್ತು ಸಿಸ್ಟಮ್ ಯಾಕೆ, ಒಂದು ಸಾಕಲ್ಲ! ಸ್ವಲ್ಪ ಸ್ವಲ್ಪ ಹಾಗೆ ಆಗಿಯೂ ಇದೆ. ಜೆನ್ನಿಂಗ್ಸ್ ಎಂಬ ಊರು 2011ರಲ್ಲೇ ತನ್ನ ಪಡೆ ಮುಚ್ಚಿ ಕೌಂಟಿ ಪೊಲೀಸರಿಗೆ ಒಪ್ಪಿಸಿತು. 2015ರಲ್ಲಿ ಕೆಲವು ಪುಟ್ಟ ಊರುಗಳು ಕೂಡಿ ‘ನಾರ್ತ್ ಕೌಂಟಿ ಪೊಲೀಸ್ ಕೋಆಪರೇಟಿವ್’ ಕಟ್ಟಿಕೊಂಡವು. ನಮ್ಮ ಹಾಲಿನ ಡೈರಿ ಥರ, ಒಬ್ಬರ ಕೈಲಿ ಆಗದ್ದು ನಾಲ್ಕು ಜನ ಸೇರಿ. 2017ರ ಏಪ್ರಿಲ್‌ನಲ್ಲಿ ಕೌಂಟಿಯ ಮತದಾರರು ಪೊಲೀಸರಿಗಾಗಿ ಡಾಲರಿಗೆ ಅರ್ಧ ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆ ಒಪ್ಪಿಕೊಂಡರು. ಕೌಂಟಿಯಲ್ಲಿ ಸಂಬಳ ಏರುತ್ತಲೇ ಪಕ್ಕದ ನಗರಕ್ಕೆ ತಳಮಳ. ಅದೇ ವರ್ಷ ನವೆಂಬರ್‌ನಲ್ಲಿ ನಗರವೂ ಪೊಲೀಸ್ ಮತ್ತು ಅಗ್ನಿಶಾಮಕದವರ ಸಂಬಳಕ್ಕೆ ಅಂಥದ್ದೇ ತೆರಿಗೆ ಹಾಕಿತು. ಇದು ಹರಾಜು. ಹರಾಜಿನಲ್ಲಿ ಬಡ ಊರು ಕೂಗೋಕೂ ಆಗಲ್ಲ.

ದೊಡ್ಡ ವಿಲೀನ ಮಾತ್ರ ಆಗಲಿಲ್ಲ. ನಗರ, ಕೌಂಟಿ ಎರಡನ್ನೂ ಸೇರಿಸಿ ಒಂದೇ ಪೊಲೀಸ್ ಪಡೆ ಮಾಡುವ ‘ಬೆಟರ್ ಟುಗೆದರ್’ ಯೋಜನೆ 2019ರ ಜನವರಿಯಲ್ಲಿ ಬಂತು, ಮೇ ತಿಂಗಳಲ್ಲಿ ವಾಪಸಾಯಿತು. ವಿರೋಧಿಸಿದವರಲ್ಲಿ ಸಾಹುಕಾರ ಊರುಗಳವರಿದ್ದರು, ಅದು ಆಶ್ಚರ್ಯ ಅಲ್ಲ. ಆದರೆ ಉತ್ತರ ಭಾಗದ ಕಪ್ಪು ಮೇಯರ್‌ಗಳೂ ಇದ್ದರು. ಎಷ್ಟೋ ವರ್ಷ ಬಿಳಿಯರ ಕೈಲಿದ್ದ ಊರುಗಳಲ್ಲಿ ಈಗಷ್ಟೇ ನಮ್ಮ ಜನ ಕುರ್ಚಿ ಏರಿದ್ದಾರೆ, ಈಗ ಬಂದು ಕುರ್ಚಿಯೇ ಬೇಡ ಅಂತೀರಾ ಅನ್ನೋದು ಅವರ ಮಾತಿನ ಸಾರ. ಅದೂ ಇಡೀ ಮಿಸೌರಿ ರಾಜ್ಯದ ಮತದಿಂದ ತೀರ್ಮಾನ ಆಗಬೇಕು ಅಂದಿದ್ದರು ಯೋಜನೆಯವರು. ಇಲ್ಲಿ ಒಂದೂ ದಿನ ಬದುಕದವನು ಇವರ ಠಾಣೆ ಹೇಗಿರಬೇಕು ಅಂತ ಹೇಳೋದು.

ಈ ಆಕ್ಷೇಪಣೆಯನ್ನು ರಾಜಕೀಯ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ದುಡ್ಡು ಮತ್ತು ಮಾತು, ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇ ಇಲ್ಲಿನ ತೊಡಕು. ಕಾಯುವವನ ಸಂಬಳ ಇಡೀ ಮಹಾನಗರದ ಸಾಲ. ಬಡವರ ಊರಲ್ಲಿ ಕಳ್ಳತನ ಆದಾಗ ಬರುವ ಪೊಲೀಸು, ಸಾಹುಕಾರರ ಊರಿಗೆ ಬರುವವನಿಗಿಂತ ಕಡಿಮೆ ಕಲಿತವನಾಗಿರಬೇಕು ಅನ್ನೋದಕ್ಕೆ ಗಡಿಯ ಬೋರ್ಡು ಕಾರಣ ಆಗಬಾರದು, ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಯಾರನ್ನು ತಡೆದು ನಿಲ್ಲಿಸ್ತಾನೆ, ಯಾರ ಮನೆ ಬಾಗಿಲು ತಟ್ಟುತ್ತಾನೆ ಅಂತ ಅವನನ್ನು ಕೇಳುವ ಹಕ್ಕು ಆ ಬೀದಿಯವರದ್ದೇ. ಅದನ್ನು ಸಂಬಳದ ಜತೆ ಮೇಲಕ್ಕೆ ಕಳಿಸಬೇಕಾಗಿಲ್ಲ. “ದುಡ್ಡು ಕೊಡೋನು ಮಾತೂ ಆಡ್ತಾನಲ್ಲ?” ಅಂತ ನೀವು ಕೇಳಬಹುದು. ಆಡ್ತಾನೆ. ಆಡದ ಹಾಗೆ ಕಾನೂನಿನಲ್ಲಿ ಬರೆಯೋದೇ ಕಷ್ಟದ ಕೆಲಸ, ಅಲ್ಲೇ ಎಲ್ಲರೂ ಸೋಲೋದು.

ನಾವೂ ಸೋತಿದ್ದೀವಿ, ಬೇರೆ ಥರ. ಕರ್ನಾಟಕದಲ್ಲಿ ಪೊಲೀಸು ರಾಜ್ಯದ್ದು. ಸದಾಶಿವನಗರದ ಕಾನ್‌ಸ್ಟೇಬಲ್‌ಗೂ ಸುರಪುರದವನಿಗೂ ವೇತನ ಶ್ರೇಣಿ ಒಂದೇ. ಔರಾದಕರ್ ವರದಿ ಜಾರಿ ಆಗಬೇಕು ಅಂತ ವರ್ಷಗಟ್ಟಲೆ ಕೂಗು ಇದ್ದಾಗಲೂ ಅದು ಎಲ್ಲ ಊರಿನ ಪೊಲೀಸರ ಕೂಗಾಗಿತ್ತು. ಆ ಮಟ್ಟಿಗೆ ನಮ್ಮದು ಸೇಂಟ್ ಲೂಯಿಸ್‌ಗಿಂತ ಎಷ್ಟೋ ಮೇಲು. ಆದರೆ ನಮ್ಮೂರಿಗೆ ಯಾವ ಸಬ್ ಇನ್ಸ್‌ಪೆಕ್ಟರ್ ಬರಬೇಕು, ಯಾವಾಗ ಹೋಗಬೇಕು ಅನ್ನೋದರಲ್ಲಿ ಊರಿಗೆ ಒಂದಕ್ಷರದ ಮಾತಿಲ್ಲ. ಅಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗ ಕೊಡಿ ಅಂತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಹೊಸ ಎಸ್‌ಐ ಬಂದ ಅಂತ ಅಪ್ಪ ಫೋನಿನಲ್ಲಿ ಹೇಳಿದಾಗ ನಾನು ಈಗಲೂ ಮೊದಲು ಕೇಳೋದು, “ಯಾರ ಕಡೆಯವನಂತೆ?”